ಬಾಗಿನಕ್ಕೆ ಕೇಳಿದ ಇಪ್ಪತ್ತು ನಿಮಿಷ

ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗಿಬರಲು ನನಗೆ ತಗುಲಿದ್ದು ನೂರ ಎಪ್ಪತ್ತೆಂಟು ಡಾಲರ್. ದೊಡ್ಡ ಏರ್‌ಪೋರ್ಟ್ ಬಿಟ್ಟು ಊರಾಚೆಯ ಆವಲಾನ್‌ನಿಂದ ಹೊರಟಿದ್ದಕ್ಕೆ, ಸೂಟ್‌ಕೇಸ್ ಇಲ್ಲದೆ ಒಂದು ಕೈಚೀಲದಲ್ಲಿ ಹೋಗಿದ್ದಕ್ಕೆ ಅಷ್ಟರಲ್ಲಿ ಮುಗಿಯಿತು. ಅದರ ಮೇಲೆ ಗೌರಿ ಹಬ್ಬದ ದಿನದ ವ್ಯಾಪಾರ. ಟಾರ್ನೀಟ್‌ನ ನಮ್ಮ ದಿನಸಿ ಅಂಗಡಿಯಲ್ಲಿ ಬಾಳೆ ಎಲೆ, ತೆಂಗಿನಕಾಯಿ ಅತಿ ಹೆಚ್ಚು ಹೋಗುವ ದಿನವೇ ಕೌಂಟರನ್ನು ಗಂಡನ ಕೈಗೆ ಕೊಟ್ಟು ಹೊರಟೆ. ಅವರು ಕಂಪ್ಯೂಟರ್ ಕೆಲಸದವರು. ಮೆಂತ್ಯ ಸೊಪ್ಪು ಯಾವುದು, ಕೊತ್ತಂಬರಿ ಯಾವುದು ಎಂದು ಗಿರಾಕಿಯನ್ನೇ ಕೇಳುವವರು. ಇಷ್ಟೆಲ್ಲ ನಷ್ಟ ಮಾಡಿಕೊಂಡದ್ದು ಕೆನಡಾದ ರಾಜಕೀಯಕ್ಕಾಗಿ ಎಂದರೆ ನೀವು ನಗಬಹುದು. ಆದರೆ ವಿಷಯ ಅದೇ.

ಸಿಡ್ನಿಯಲ್ಲಿರುವುದು ನನ್ನ ಅಣ್ಣ. ಅವನ ಒಬ್ಬಳೇ ಮಗಳು ಓದಲು ಕೆನಡಾಕ್ಕೆ ಹೋಗಿ, ಈಗ ಬ್ರಾಂಪ್ಟನ್‌ನಲ್ಲಿ ಬಾಡಿಗೆದಾರರಿಗೆ ಕಾನೂನು ನೆರವು ಕೊಡುವ ಸಣ್ಣ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಕಾಯಂ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಿದ್ದಾಳೆ. ಪ್ರತಿ ಭಾನುವಾರ ಇಪ್ಪತ್ತು ನಿಮಿಷದ ಒಂದು ಪಾಡ್‌ಕಾಸ್ಟ್ ಮಾಡುತ್ತಾಳೆ: ಬಾಡಿಗೆ, ಆಸ್ಪತ್ರೆ, ವೀಸಾ, ಸರ್ಕಾರ ಹೇಳಿದ್ದೇನು, ಮಾಡಿದ್ದೇನು. ಮಾತು ಬಡವರ ಕಡೆಗೆ, ಕೂಲಿಯವರ ಕಡೆಗೆ. ಕೇಳುವವರು ಕೆಲವು ನೂರು ಜನ ಇದ್ದರೆ ಹೆಚ್ಚು.

ಅದರಲ್ಲೊಂದು ಕಂತನ್ನು ಅಣ್ಣ ಕಾರಿನಲ್ಲಿ ಕೇಳಿದ. ಅರ್ಧಕ್ಕೇ ನಿಲ್ಲಿಸಿದ. ಅವತ್ತಿನಿಂದ ಮಗಳ ಜೊತೆ ಮಾತಿಲ್ಲ. ಅದನ್ನು ತೆಗೆದುಹಾಕಿದ ಮೇಲೆ ಫೋನ್ ಮಾಡಲಿ ಎಂದು ಅತ್ತಿಗೆಯ ಕೈಲಿ ಹೇಳಿಸಿದ. ಅಪ್ಪನೇ ಫೋನ್ ಮಾಡಿ ಕೇಳಿದರೆ ತೆಗೆಯುತ್ತೇನೆ, ಅಮ್ಮನ ಕೈಲಿ ಹೇಳಿಸಿದರೆ ಇಲ್ಲ ಎಂದು ಅವಳು. ಹೀಗೆ ನಾಲ್ಕು ತಿಂಗಳು. ದೀಪಾವಳಿಗೆ ಬರುವ ಟಿಕೆಟ್ ಅವಳು ಬುಕ್ ಮಾಡಿರಲಿಲ್ಲ.

"ಎಂಥೆಂಥ ಸಪ್ಲೈಯರ್ ಹತ್ರ ರೇಟ್ ಇಳಿಸ್ತೀಯ," ಎಂದರು ಅತ್ತಿಗೆ ಫೋನಿನಲ್ಲಿ. "ನಿಮ್ಮಣ್ಣನ ಹತ್ರ ಒಂದ್ಸಲ ಇಳಿಸಿ ನೋಡು. ನನ್ನ ಕೈಲಿ ಆಗ್ತಿಲ್ಲ."

ಸರಕು ನೋಡದೆ ಚೌಕಾಸಿಗೆ ಕೂರುವ ಅಭ್ಯಾಸ ನನಗಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕರಿಬೇವು ಬಿಡಿಸುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳ ಕಂತುಗಳನ್ನೆಲ್ಲ ಮೊದಲಿನಿಂದ ಕೇಳಿದೆ. ನನಗೆ ರಾಜಕೀಯ ಅಷ್ಟಕ್ಕಷ್ಟೆ. ಆದರೆ ಅವಳು ಹೇಳುವುದರಲ್ಲಿ ಅರ್ಧ ವ್ಯಾಪಾರವೇ ಇತ್ತು. ಅಲ್ಲಿ ಪ್ರಾಂತ್ಯ ಸರ್ಕಾರಗಳು ಕಾಲೇಜುಗಳಿಗೆ ಕೊಡುವ ಹಣವನ್ನು ಬಿಗಿ ಹಿಡಿದವು. ಕಾಲೇಜುಗಳು ಹೊರದೇಶದ ವಿದ್ಯಾರ್ಥಿಗಳನ್ನು ಹಲವು ಪಟ್ಟು ಫೀಸಿಗೆ ಕರೆಸಿಕೊಂಡವು. ಬಂದವರು ಎಲ್ಲಿ ಮಲಗುತ್ತಾರೆ ಎಂದು ಯಾರೂ ಯೋಚಿಸಲಿಲ್ಲ. ರೆಂಟ್ ಏರಿದಾಗ ಆಳುವವರೂ ಎದುರು ಪಕ್ಷದವರೂ ಒಟ್ಟಿಗೆ ವಿದ್ಯಾರ್ಥಿಗಳ ಕಡೆ ಬೆರಳು ತೋರಿಸಿದರು. ದುಬಾರಿ ಬೆಲೆಗೆ ಮಾರಿ, ಆಮೇಲೆ ಅಂಗಡಿಯಲ್ಲಿ ನೂಕುನುಗ್ಗಲು ಆಯಿತೆಂದು ಗಿರಾಕಿಯನ್ನೇ ಬೈದರೆ ನನ್ನ ಅಂಗಡಿ ಎರಡು ವಾರ ನಡೆಯುವುದಿಲ್ಲ. ಸರ್ಕಾರ ಮಾತ್ರ ನಡೆಯುತ್ತದೆ.

ಅದನ್ನು ಕೇಳುವಾಗ ಕರಿಬೇವು ಬಿಡಿಸುವ ಕೈ ನಿಂತಿತು. ಹಿಂದಿನ ವಾರವಷ್ಟೇ ಊರಿನ ಆಚೆ ತುದಿಯ ಕ್ಲೇಟನ್‌ನಲ್ಲಿ ಓದುವ ಇಬ್ಬರು ಹುಡುಗಿಯರು, ರೂಮು ಬೇಕೆಂದು ಬರೆದ ಚೀಟಿಯನ್ನು ನಮ್ಮ ಅಂಗಡಿಯ ನೋಟಿಸ್ ಬೋರ್ಡಿಗೆ ಅಂಟಿಸಬಹುದೇ ಎಂದು ಕೇಳಿದ್ದರು. "ನೀವೆಲ್ಲ ಬಂದು ತುಂಬ್ಕೊಂಡೇ ಅಲ್ವೇನಮ್ಮ ರೆಂಟ್ ಹೀಗಾಗಿರೋದು?" ಎಂದು ನಗುತ್ತ ಹೇಳಿ, ಬೋರ್ಡಿನಲ್ಲಿ ಜಾಗ ಇಲ್ಲ ಎಂದಿದ್ದೆ. ಕಂತಿನಲ್ಲಿ ಅವಳು ಕೇಳಿಸಿದ ಕೆನಡಾದ ಮಂತ್ರಿಯ ಮಾತು ನನ್ನದೇ ಮಾತು; ಅವನ ಇಂಗ್ಲಿಷ್ ಚೆನ್ನಾಗಿತ್ತು, ಅಷ್ಟೇ ವ್ಯತ್ಯಾಸ.

ಕೊನೆಗೆ ಆ ಕಂತಿಗೆ ಬಂದೆ. ತೋಟಗಳಲ್ಲಿ, ಕೋಳಿ ಕಾರ್ಖಾನೆಗಳಲ್ಲಿ ದುಡಿಯಲು ಬರುವ ಹೊರಗಿನವರ ಕುರಿತು. ಅವರಲ್ಲಿ ಬಹಳ ಜನರ ಕೆಲಸದ ಪರ್ಮಿಟ್ ಒಬ್ಬನೇ ಮಾಲೀಕನಿಗೆ ಕಟ್ಟಿದ್ದು. ಅವನನ್ನು ಬಿಟ್ಟರೆ ದೇಶವನ್ನೂ ಬಿಡಬೇಕಾದೀತೆಂಬ ಭಯ. ಇದು ನನಗೆ ತಕ್ಷಣ ಅರ್ಥವಾಯಿತು. ಅಂಗಡಿಯಿಂದ ಎದ್ದು ಹೋಗಬಲ್ಲವನು ಮಾತ್ರ ಚೌಕಾಸಿ ಮಾಡಬಲ್ಲ. ಅಲ್ಲಿಂದ ಅವಳು, ಸಿಡ್ನಿಗೆ ಹೊಸದಾಗಿ ಬಂದಿದ್ದ ತನ್ನ ಅಪ್ಪನ ಕತೆಗೆ ಬಂದಳು. ವೆಸ್ಟ್‌ಮೀಡ್‌ನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಆರು ಜನ. ಎಂಜಿನಿಯರ್ ಓದಿ ಬಂದು ಕೆಲಸ ಸಿಗದೆ ಏಳು ತಿಂಗಳು ಕೋಳಿ ಪ್ಯಾಕ್ ಮಾಡುವ ಕಾರ್ಖಾನೆ. ಮೊಟ್ಟೆಯನ್ನೂ ಮುಟ್ಟದ ಮನೆಯ ಹುಡುಗ, ಸ್ನಾನ ಮಾಡದೆ ಫ್ಲ್ಯಾಟಿನ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ.

ಈ ಕತೆ ಗೊತ್ತಿದ್ದದ್ದು ನನಗೊಬ್ಬಳಿಗೇ ಎಂದುಕೊಂಡಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಫ್ಲ್ಯಾಟ್ ನೋಡಿದ್ದೆ. ಮೈಸೂರಿನಲ್ಲಿದ್ದ ಅಮ್ಮನಿಗೆ ಹೇಳಬೇಡ ಎಂದು ಅಣ್ಣ ಕೈ ಹಿಡಿದು ಕೇಳಿಕೊಂಡಿದ್ದ. ಅಣ್ಣನ ಮಗಳಿಗೆ ಹೇಳಿದ್ದು ಯಾರೆಂದು ನಾನು ಹುಡುಕಬೇಕಾಗಿರಲಿಲ್ಲ. ಬೇಸಿಗೆ ರಜೆಯೊಂದರಲ್ಲಿ ಅಂಗಡಿಗೆ ಬಂದು, ಅಕ್ಕಿ ಮೂಟೆ ಎತ್ತಲು ಮುಖ ಸಿಂಡರಿಸಿದವಳಿಗೆ ಬುದ್ಧಿ ಹೇಳುತ್ತೇನೆಂದು ನಾನೇ ಹೇಳಿದ್ದೆ. ಬುದ್ಧಿ ಹೇಳುವ ಚಟ ನನ್ನದು.

ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನವೆಂದು ಅಣ್ಣ ನನ್ನ ಅಕೌಂಟಿಗೆ ಹಣ ಹಾಕುತ್ತಾನೆ. ಈ ಸಲ ಹಬ್ಬದ ಬೆಳಿಗ್ಗೆ ಟೂಂಗಾಬಿಯ ಅವನ ಮನೆ ಬಾಗಿಲಲ್ಲಿ ನಾನೇ ನಿಂತೆ.

"ಏನೇ ಇದು, ಹೇಳ್ದೆ ಕೇಳ್ದೆ? ದುಡ್ಡು ಬಂದಿಲ್ವಾ?"

"ಬಂತು. ವಾಪಸ್ ಹಾಕ್ತೀನಿ. ಈ ಸಲ ಬಾಗಿನಕ್ಕೆ ನಾನು ಕೇಳಿದ್ದು ಕೊಡ್ಬೇಕು."

"ನೀನೇನು ಕೇಳ್ತೀಯ ಅಂತ ಗೊತ್ತು. ಅದೊಂದು ಬಿಟ್ಟು ಬೇರೇನಾದ್ರೂ ಕೇಳು."

"ಹಾಗಾದ್ರೆ ಚಿನ್ನದ ಬಳೆ."

ಅವನು ಸ್ವಲ್ಪ ಯೋಚಿಸಿದ. "ಎಷ್ಟು ಗ್ರಾಮಿಂದು?"

ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದ ಅತ್ತಿಗೆ ನಕ್ಕಿದ್ದು ಕೇಳಿಸಿತು.

"ನೋಡು," ಎಂದೆ. "ಚಿನ್ನಕ್ಕಾದ್ರೆ ಎಷ್ಟು ಗ್ರಾಮು ಅಂತ ಕೇಳ್ತೀಯ. ಮಗಳ ಇಪ್ಪತ್ತು ನಿಮಿಷ ಕೇಳು ಅಂದ್ರೆ ಆಗಲ್ಲ. ನಾನು ಕೇಳ್ತಿರೋದು ಅಷ್ಟೇ. ಪೂರ್ತಿ ಕೇಳು. ಆಮೇಲೆ ತೆಗಿ ಅಂತ ಹೇಳೋದಾದ್ರೆ ನೀನೇ ಫೋನ್ ಮಾಡಿ ಹೇಳು."

"ಅವಳ ಪಿಆರ್ ಇನ್ನೂ ಆಗಿಲ್ಲ ಕಣೇ. ಅವರ ದೇಶದಲ್ಲಿ ಕೂತ್ಕೊಂಡು ಅವರ ಸರ್ಕಾರಾನೇ ಬೈದ್ರೆ? ಕೈಗೆ ಬರೋವರ್ಗೂ ಬಾಯಿ ಮುಚ್ಕೊಂಡಿರ್ಬೇಕು. ನಾನಿರ್ಲಿಲ್ವಾ?"

"ಬಂದ ಮೇಲೂ ಮುಚ್ಕೊಂಡೇ ಇದೀಯಲ್ಲಣ್ಣ."

ಪಿಆರ್ ಎಂಬುದು ಅವನು ಹೇಳಿದ ಮೊದಲ ಬೆಲೆ, ನಿಜವಾದ ಬೆಲೆ ಅಲ್ಲ. ಅವಳ ಕೈಯಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಇದೆ. ಅಲ್ಲಿ ಬೇಡ ಎಂದರೆ ಟೂಂಗಾಬಿಗೆ ಬರುತ್ತಾಳೆ, ಅತ್ತಿಗೆ ಅವಳ ರೂಮಿನಲ್ಲಿಟ್ಟ ಹೊಲಿಗೆ ಮಷೀನಿಗೆ ಬೇರೆ ಜಾಗ ನೋಡಿಕೊಳ್ಳಬೇಕು, ಅಷ್ಟೇ. ಹಾಗೆ ಹೋಗಲು ಮನೆ ಇಲ್ಲದವರ ಪರವಾಗಿಯೇ ಅವಳು ಮಾತಾಡುವುದು. ಇದನ್ನೆಲ್ಲ ಹೇಳಿ ಸುಮ್ಮನಾದೆ. ಬೆಲೆ ಹೇಳಿದ ಮೇಲೆ ಮೊದಲು ಬಾಯಿ ಬಿಟ್ಟವರು ಸೋಲುತ್ತಾರೆಂದು ಇಪ್ಪತ್ತು ವರ್ಷದ ವ್ಯಾಪಾರ ಕಲಿಸಿದೆ. ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಅವಳಿಗೆ ಹೇಳಿದ್ದು ನೀನೇ ತಾನೆ?"

"ನಾನೇ."

"ಅಮ್ಮನಿಗೆ ಹೇಳ್ಬೇಡ ಅಂದಿದ್ದೆ."

ಅಮ್ಮನಿಗೆ ಹೇಳಿಲ್ಲವಲ್ಲ ಎಂಬ ಜವಾಬು ನಾಲಿಗೆಯ ತುದಿಯಲ್ಲಿತ್ತು. ಅಮ್ಮ ಹೋಗಿ ಒಂಬತ್ತು ವರ್ಷ. ಚೌಕಾಸಿ ಅಲ್ಲಿಗೇ ಬಿಟ್ಟೆ.

"ತಪ್ಪಾಯ್ತಣ್ಣ. ಅದು ನಿನ್ನ ಮಾತು. ನಿನ್ನ ಕೇಳದೆ ನಾನು ಹೇಳ್ಬಾರ್ದಿತ್ತು."

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. "ನನಗೂ ಗೊತ್ತಿತ್ತು ರೀ. ಮದುವೆಯಾದ ಹೊಸದ್ರಲ್ಲಿ ನಿಮ್ಮ ಹಳೇ ನೀಲಿ ಜಾಕೆಟ್ ನಾಲ್ಕು ಸಲ ಒಗೆದೆ. ಅದೇನು ನೀವು ಹೇಳ್ತಿದ್ದ ಕಂಪ್ಯೂಟರ್ ಆಫೀಸಿನ ವಾಸನೆ ಆಗಿರ್ಲಿಲ್ಲ."

ಅಣ್ಣ ಇಬ್ಬರನ್ನೂ ನೋಡಿದ. "ಹಾಕು ಅದನ್ನ," ಎಂದ.

ಫೋನನ್ನು ಟೀಪಾಯಿಯ ಮೇಲಿಟ್ಟು ಮೂವರೂ ಕೂತೆವು. ಅವನು ಕಾರಿನಲ್ಲಿ ಕೇಳಿದ್ದು ಕೋಳಿಯ ಮಾತಿನವರೆಗೆ ಮಾತ್ರ. ಅದರ ಮುಂದೆ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ನಮ್ಮಪ್ಪನ ವೀಸಾ ಆ ಕಾರ್ಖಾನೆಯವನ ಜೇಬಿನಲ್ಲಿರಲಿಲ್ಲ. ಬೇರೆ ಕೆಲಸ ಸಿಕ್ಕಿದ ದಿನ ಏಪ್ರನ್ ಕಳಚಿಟ್ಟು ನಡೆದು ಬಂದರು. ಹಾಗೆ ನಡೆದು ಬರಲು ಆದದ್ದರಿಂದ ನಾನು ಇವತ್ತು ಇಲ್ಲಿದ್ದೇನೆ. ಇಲ್ಲಿಯ ಸರ್ಕಾರ ಈ ತೋಟದ ಕೂಲಿಯವರಿಗೂ ಅಷ್ಟೇ ಕೊಟ್ಟರೆ ಸಾಕು.

ಅದು ಮುಗಿಯುವಷ್ಟರಲ್ಲಿ ಹೋಳಿಗೆ ಹೆಂಚಿನ ಮೇಲೆ ಸೀಯುವ ವಾಸನೆ ಬಂದು ಅತ್ತಿಗೆ ಓಡಿದರು.

"ಆರು ಜನ ಅಲ್ಲ," ಎಂದ ಅಣ್ಣ. "ಎಂಟು. ಬಾಲ್ಕನೀಲಿ ಇಬ್ರು ಇದ್ವಿ. ಅದನ್ನ ಬಿಟ್ಟೇ ಬಿಟ್ಟಿದಾಳೆ."

"ನಾನು ಆರು ಅಂತಾನೇ ಹೇಳಿದ್ದೆ."

"ನೀನು ಬಂದಿದ್ದು ಭಾನುವಾರ. ಇಬ್ರು ಡ್ಯೂಟಿಗೆ ಹೋಗಿದ್ರು. ಮತ್ತೆ ನಾನು ಕೋಳಿ ಮುಟ್ಟಿದ್ದು ಮೊದಲ್ನೇ ತಿಂಗಳು ಮಾತ್ರ. ಆಮೇಲೆ ಲೇಬಲ್ ಅಂಟಿಸೋ ಕಡೆ ಹಾಕಿದ್ರು."

ಅವನೇ ಫೋನ್ ಎತ್ತಿಕೊಂಡ. ಕೆನಡಾದಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಮೊದಲ ರಿಂಗಿಗೇ ಅವಳ ದನಿ ಬಂತು. "ಅಪ್ಪಾ?"

"ಎಂಟು ಜನ. ಆರಲ್ಲ. ತಪ್ಪು ಹೇಳಿದೀಯ."

"ಓಕೆ. ತೆಗೀಬೇಕಾ ಅಪ್ಪಾ?"

"ತೆಗೀಬೇಡ. ಸರಿ ಮಾಡು."

ಆಮೇಲೆ ಮುಕ್ಕಾಲು ಗಂಟೆ ಜಗಳ. ಎಲ್ಲರನ್ನೂ ಒಳಗೆ ಬಿಟ್ಟರೆ ಮನೆ ಎಲ್ಲಿಂದ ತರುತ್ತಾರೆ ಎಂದು ಇವನು. ಬಿಲ್ಡ್ ದೆಮ್ ಅಪ್ಪಾ, ದಟ್ಸ್ ದಿ ಹೋಲ್ ಪಾಯಿಂಟ್ ಎಂದು ಅವಳು. ಅಣ್ಣ ಪೂರ್ತಿ ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ಆದರೆ ದೀಪಾವಳಿಯ ಟಿಕೆಟ್ ದರ ನೋಡಲು ನನಗೆ ಹೇಳಿದ. ನೋಡಿದೆ. ಮಂಗಳವಾರ ಹೊರಟರೆ ಕಡಿಮೆ ಬೀಳುತ್ತದೆ.

ಮೆಲ್ಬರ್ನ್‌ಗೆ ಬಂದವಳು ಬೋರ್ಡಿನಲ್ಲಿದ್ದ ಹಳೆಯ ಸೋಫಾ ಮಾರಾಟದ ಚೀಟಿಗಳನ್ನು ಕಿತ್ತು ಜಾಗ ಮಾಡಿದೆ. ಆ ಹುಡುಗಿಯರು ಮತ್ತೆ ಬರಲಿಲ್ಲ, ಬೇರೆಯವರು ಬರುತ್ತಿದ್ದಾರೆ.

ಈಗ ನಿಮಗೆ. ಮನೆಯ ಮಕ್ಕಳು ರಾಜಕೀಯ ಮಾತಾಡಿದರೆ ಪೂರ್ತಿ ಕೇಳಿ, ಆಮೇಲೆ ಜಗಳ ಆಡಿ. ಅರ್ಧ ಕೇಳಿ ಆಡುವ ಜಗಳ ದುಬಾರಿ. ರೂಮು ಹುಡುಕುವ ಹುಡುಗರು ಸಿಕ್ಕರೆ ಬೈಯುವ ಬದಲು ಇಷ್ಟು ಹೇಳಿಕೊಡಿ: ಒಪ್ಪಂದದ ಕಾಗದದಲ್ಲಿ ತಮ್ಮ ಹೆಸರು ಇರಲಿ, ಬಾಂಡ್ ಎಂದು ಕೊಡುವ ಅಡ್ವಾನ್ಸ್ ಹಣಕ್ಕೆ ರಸೀದಿ ತೆಗೆದುಕೊಳ್ಳಲಿ, ಒಳಗೆ ಕಾಲಿಡುವ ದಿನವೇ ಗೋಡೆ, ಕಾರ್ಪೆಟ್ ಫೋಟೊ ತೆಗೆದಿಟ್ಟುಕೊಳ್ಳಲಿ. ಮತ್ತೆ, ಈ ದೇಶಕ್ಕೆ ಬಂದಾಗ ನೀವು ಇದ್ದ ಮೊದಲ ಮನೆಯ ಕತೆಯನ್ನು ಮಕ್ಕಳಿಗೆ ನೀವೇ ಕೂತು ಹೇಳಿ. ನನ್ನಂಥ ಅತ್ತೆಯೊಬ್ಬಳು ಹೇಳುವ ಮೊದಲು ಹೇಳಿ. ಬಾಲ್ಕನಿಯಲ್ಲಿ ಮಲಗಿದವರನ್ನೂ ಸೇರಿಸಿಕೊಂಡು.