ಅವ್ವ ಕಣ್ಣು ಬಿಟ್ಟ ಸೋಮವಾರ

ಜನವರಿ ಹನ್ನೆರಡು, ಸೋಮವಾರ, ಬೆಳಗ್ಗೆ ಹತ್ತೂವರೆ. ಗುಜರಾತಿನ ಆಣಂದದಲ್ಲಿ ಒಂದು ಫೋಟೋ ಸ್ಟುಡಿಯೋ. ಅಲ್ಲಿದ್ದವರು ಮೂವರು: ನಾನು, ನನ್ನ ತಂಗಿ ಜಯಿ, ಸ್ಟುಡಿಯೋ ನಡೆಸುವ ರೇಖಾಬೆನ್. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಅವ್ವ ಕಣ್ಣು ಬಿಟ್ಟುಕೊಂಡು ಕೂತಿದ್ದಳು.

"ಬಾ ಜಾಗಿ ಗಯಾಂ," ಎಂದಳು ರೇಖಾಬೆನ್. ಇಲ್ಲಿ 'ಬಾ' ಅಂದರೆ ತಾಯಿ. ಅಮ್ಮನಿಗೆ ಎಚ್ಚರವಾಯಿತು ನೋಡಿ, ಎಂದು ಅವಳು ಹೇಳಿದ್ದು.

ನಾನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಫೋಟೋ ತೆಗೆಯುವ ಹೊತ್ತಿಗೆ ಅವ್ವ ಸತ್ತು ಅರ್ಧ ದಿನವಾಗಿತ್ತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತ್ತವರನ್ನು ಮನೆ ಮುಂದೆ ಕೂರಿಸಿ, ಹಣೆಗೆ ನಾಣ್ಯ ಅಂಟಿಸಿ, ಹಾರ ಹಾಕುತ್ತೇವೆ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳಲು ಪುರಸೊತ್ತಿಲ್ಲದವರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ನಾಗಮಂಗಲದಿಂದ ಫೋಟೋದವರು ಬರುವವರೆಗೆ ದೇವಲಾಪುರದ ನಮ್ಮ ಮನೆ ಮುಂದೆ ಅವ್ವ ಸ್ಕೂಲಿನ ಕುರ್ಚಿಯ ಮೇಲೆ ಕೂತಿದ್ದಳು. ಆಗ ನನಗೆ ಎಂಟು ವರ್ಷ. ಜಯಿ ತೊಟ್ಟಿಲಲ್ಲಿದ್ದಳು. ಹೆಣ ವಾಲುತ್ತದೆಂದು ನಮ್ಮಜ್ಜಿ ಕುರ್ಚಿಯ ಹಿಂದೆ ಅವಿತು ಕೂತು ಅವ್ವನ ಭುಜವನ್ನು ಹಿಡಿದುಕೊಂಡಿದ್ದಳು. ಫೋಟೋದಲ್ಲಿ ಅಜ್ಜಿ ಕಾಣುವುದಿಲ್ಲ, ಅವಳ ಕೈ ಕಾಣುತ್ತದೆ. ಆಮೇಲೆ ನಮ್ಮಿಬ್ಬರನ್ನೂ ಸಾಕಿದ ಕೈ ಅದು. ಅಜ್ಜಿಯ ಬೇರೆ ಯಾವ ಫೋಟೋವೂ ಇಲ್ಲ.

ಸೂರು ಸೋರಿ ಆ ಫೋಟೋ ನೆನೆದಿತ್ತು, ಹುಳು ತಿಂದಿತ್ತು. ಅದನ್ನು ಸರಿಮಾಡಿಸೋಣವೆಂದು ವಾರದ ಹಿಂದೆ ಜಯಿಯೇ ಒಯ್ದು ಕೊಟ್ಟಿದ್ದಳು. ಸಾವಿನ ಫೋಟೋ ಎಂದು ಅವಳು ಹೇಳಲಿಲ್ಲ, ರೇಖಾಬೆನ್ ಕೇಳಲಿಲ್ಲ. ಹಾರ ಕಂಡು ಯಾವುದೋ ಸನ್ಮಾನ ಎಂದುಕೊಂಡಳಂತೆ. ಬೆಳಕಿಗೆ ಕಣ್ಣು ಮುಚ್ಚಿಕೊಂಡಿದ್ದಾರೆ ಎಂದು ಕಣ್ಣು ತೆರೆಸಿದಳು. ಹಣೆಯ ನಾಣ್ಯವನ್ನು ದುಂಡನೆಯ ಬೊಟ್ಟು ಮಾಡಿದಳು. ಭುಜದ ಮೇಲಿನ ಕೈಗೆ ಮೈಯಿಲ್ಲವಲ್ಲ ಎಂದು ಅದನ್ನು ಅಳಿಸಿದಳು.

ನಾನು ನರ್ಸಾಗಿದ್ದವಳು. ಪಾಂಡವಪುರ, ಕೆ.ಆರ್. ಪೇಟೆ, ಕೊನೆಗೆ ಶ್ರೀರಂಗಪಟ್ಟಣ, ಮೂರು ಕಡೆಯ ಆಸ್ಪತ್ರೆಯಲ್ಲೂ ದುಡಿದು ಹೆಡ್ ನರ್ಸಾಗಿ ನಿವೃತ್ತಳಾದೆ. ಈ ಕೈಯಿಂದ ಎಷ್ಟೋ ಜನರ ಕಣ್ಣು ಮುಚ್ಚಿದ್ದೇನೆ. ಮುಚ್ಚಿದ ಕಣ್ಣು ತೆರೆದದ್ದನ್ನು ನೋಡಿದ್ದು ಇದೇ ಮೊದಲು.

ಜಯಿಯ ಗಂಡ ಇಲ್ಲಿನ ಡೈರಿಯಲ್ಲಿ ಕೆಲಸಕ್ಕಿದ್ದವರು. ಅವರು ತೀರಿಹೋದ ಮೇಲೆ, ಮಂಡಿನೋವಿನ ತಂಗಿ ಒಬ್ಬಳೇ ಆದಳೆಂದು ಒಂದು ಟ್ರಂಕು, ಒಂದು ಮೂಟೆ ರಾಗಿಹಿಟ್ಟಿನೊಂದಿಗೆ ನಾನು ಬಂದೆ. ಈಗ ನಾಲ್ಕು ವರ್ಷ. ಇಲ್ಲಿ ಯಾವ ಮುದುಕಿಯನ್ನಾದರೂ ಬಾ ಎಂದೇ ಕೂಗುತ್ತಾರೆ. ಮೊದಮೊದಲು ಯಾರು ಹಾಗೆಂದರೂ ನಾನು ಎದ್ದು ಅವರ ಬಳಿ ಹೋಗಿ ನಿಲ್ಲುತ್ತಿದ್ದೆ. ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ. ಅದನ್ನು ಇನ್ನೂ ನಾನು ಔಷಧಿಯಂತೆ ನುಂಗುತ್ತೇನೆ. ನಮ್ಮ ಜಗುಲಿಗೆ ಇಲ್ಲಿ ಓಟಲೋ ಎನ್ನುತ್ತಾರೆ. ಸಂಜೆ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ, ನನಗೂ ಜಾಗ ಬಿಡುತ್ತಾರೆ, ಮಾತು ಮಾತ್ರ ನನ್ನನ್ನು ದಾಟಿ ಹೋಗುತ್ತದೆ. ದೇವಲಾಪುರದಲ್ಲಿ ನಾನು ಕೂತರೆ ಮಾತು ನನ್ನಿಂದಲೇ ಶುರುವಾಗುತ್ತಿತ್ತು. ಹಾಗೆಂದು ಸೋತಿಲ್ಲ. ತರಕಾರಿಯವಳ ಹತ್ತಿರ ಅವಳ ಮಾತಿನಲ್ಲೇ ಜಗಳವಾಡಿ ಕೊತ್ತಂಬರಿ ಕೊಸರು ಹಾಕಿಸಿಕೊಂಡ ದಿನ ಜಯಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಬೆಳಗ್ಗೆ ಐದಕ್ಕೆ ಎದ್ದು ಹಾಸಿಗೆಯ ನಾಲ್ಕು ಮೂಲೆ ಮಡಿಸುತ್ತೇನೆ. "ಇದು ಮನೆ ಕಣಕ್ಕ, ವಾರ್ಡಲ್ಲ. ಪೇಸೆಂಟು ಇನ್ನೂ ಮಲಗವ್ಳೆ," ಎಂದು ಅವಳು ಮುಸುಕಿನೊಳಗಿಂದಲೇ ಅಣಕಿಸುತ್ತಾಳೆ.

ಸ್ಟುಡಿಯೋದಲ್ಲಿ ಜಯಿ ಅಣಕಿಸಲಿಲ್ಲ. ಪರದೆಯ ಹತ್ತಿರಕ್ಕೆ ಮುಖ ಒಯ್ದು ನಿಂತಿದ್ದಳು.

ನನಗೆ ಬಂದ ಅರೆಬರೆ ಗುಜರಾತಿಯಲ್ಲಿ ಈ ಕಣ್ಣು ಯಾರದು ಎಂದು ಕೇಳಿದೆ. ಯಾರದೂ ಅಲ್ಲ, ಕಂಪ್ಯೂಟರೇ ಮುಖಕ್ಕೆ ಒಪ್ಪುವಂತೆ ಮಾಡಿಕೊಡುತ್ತದೆ ಎಂದಳು ರೇಖಾಬೆನ್. ಚೆಂದದ ಕಣ್ಣು, ಅಗಲವಾದವು, ನೇರವಾದವು. ನಮ್ಮ ಅವ್ವನ ಎಡಗಣ್ಣು ವಾರೆಯಿತ್ತು. ನನ್ನನ್ನು ಗದರಿದರೆ ಪಕ್ಕದಲ್ಲಿದ್ದ ಹುಡುಗಿ ಅಳುತ್ತಿದ್ದಳು. ಅವ್ವನನ್ನು ಹೂತು ಬಂದ ಮೇಲೆ ನಾನು ದಿನಾ ಮಲಗುವ ಮುಂಚೆ ಆ ಎರಡು ಕಣ್ಣನ್ನು ನೆನೆಯುತ್ತಿದ್ದೆ, ಮರೆತುಹೋದೀತು ಎಂಬ ಭಯದಿಂದ. ಡ್ಯೂಟಿಯ ದಿನವೂ ತಪ್ಪಿಸಿದವಳಲ್ಲ. ಆ ಕಣ್ಣು ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ಅದು ಸತ್ತ ಮೇಲಿನ ಫೋಟೋ, ಕಣ್ಣು ಮೊದಲಿನಂತೆ ಮುಚ್ಚಿಬಿಡು ಎಂದೆ. ರೇಖಾಬೆನ್ ಎರಡೂ ಕಿವಿ ಮುಟ್ಟಿಕೊಂಡು ತಪ್ಪಾಯಿತೆಂದು ಹೇಳಿ ಕಂಪ್ಯೂಟರಿನ ಮೌಸಿಗೆ ಕೈ ಹಾಕಿದಳು. ಜಯಿ ಅವಳ ಕೈ ಹಿಡಿದುಕೊಂಡಳು. ಮಾತು ನನಗೆ ಹೇಳಿದ್ದು.

"ಮುಚ್ಚುಸ್ಬ್ಯಾಡ ಕಣಕ್ಕ. ನೀನು ಎಂಟೊರ್ಸ ನೋಡಿದ್ದೀಯ. ನಾನು ಅವ್ವನ್ ಕಣ್ಣ ಒಂದಿನಾನೂ ಕಂಡಿಲ್ಲ."

ಅವಳು ಕಂಡೇ ಇಲ್ಲವೆಂದಲ್ಲ, ನೆನಪಿಲ್ಲ ಅಷ್ಟೆ.

"ಯೋಳಕ್ಕ, ಇಂಗೇ ಇದ್ವಾ?"

ಆಸ್ಪತ್ರೆಯಲ್ಲಿ ಸಾಯುವವರ ಮನೆಯವರಿಗೂ ನಾನು ಸುಳ್ಳು ಹೇಳಿದವಳಲ್ಲ. ಅದಕ್ಕಾಗಿ ಬೈಸಿಕೊಂಡಿದ್ದೇನೆ.

"ಊಂ. ಇಂಗೇ ಇದ್ವು ಕಣೆ," ಎಂದೆ.

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ಅರವತ್ತರ ಹೆಂಗಸು, ತೊಟ್ಟಿಲ ಕೂಸಿನ ಹಾಗೆ ಅತ್ತಳು.

ನಾನು ಬೇರೇನೂ ಕೇಳಲಿಲ್ಲ, ಅಜ್ಜಿಯ ಕೈ ಮಾತ್ರ ವಾಪಸು ಕೂರಿಸು ಎಂದೆ. ರೇಖಾಬೆನ್ ಕೂರಿಸಿ ತೋರಿಸಿದಳು. ಮೂವರಿಗೂ ನೋಡಲಾಗಲಿಲ್ಲ. ಕಣ್ಣು ಮುಚ್ಚಿದವಳನ್ನು ಆತುಕೊಂಡಿದ್ದ ಕೈ, ಕಣ್ಣು ಬಿಟ್ಟವಳನ್ನು ಹಿಂದಿನಿಂದ ಯಾರೋ ಹಿಡಿದು ಕೂರಿಸಿದಂತೆ ಕಾಣುತ್ತಿತ್ತು. ಕಣ್ಣಿದ್ದರೆ ಕೈ ಇರುವಂತಿಲ್ಲ, ಕೈ ಇದ್ದರೆ ಕಣ್ಣು ಇರುವಂತಿಲ್ಲ. ಕೊನೆಗೆ ಎರಡು ಪ್ರಿಂಟು ಹಾಕಿಸಿದೆವು. ಕಣ್ಣಿನದು ಜಯಿಗೆ, ಕೈಯದು ನನಗೆ.

ಹೊರಡುವಾಗ ರೇಖಾಬೆನ್ "ಆವಜೋ" ಎಂದಳು. ಹೋಗುವವರಿಗೆ ಇಲ್ಲಿ ಬನ್ನಿ ಎನ್ನುತ್ತಾರೆ, ನಮ್ಮಲ್ಲಿ ಹೋಗಿ ಬನ್ನಿ ಎಂದ ಹಾಗೆ. ನಾಡಿದ್ದು ಸಂಕ್ರಾಂತಿ. ರಸ್ತೆಯುದ್ದಕ್ಕೂ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣ ಹಚ್ಚಿ ಒಣಹಾಕಿದ್ದರು. ಊರಲ್ಲಾದರೆ ಈ ಹೊತ್ತಿಗೆ ದನದ ಕೊಂಬು ಹೆರೆಯುತ್ತಿರುತ್ತಾರೆ. ಪ್ರತಿ ಸಂಕ್ರಾಂತಿಗೂ, ಇದು ಮುಗಿದ ಮೇಲೆ ಊರಿಗೆ ಹೊರಟುಬಿಡುತ್ತೇನೆ ಅನ್ನುತ್ತೇನೆ. ಜಯಿ ಇಲ್ಲಿಂದ ಬರುವವಳಲ್ಲ. ಮೂವತ್ತೈದು ವರ್ಷದ ಬದುಕು ಅವಳದು ಇಲ್ಲಿದೆ. ಅವ್ವನನ್ನೂ ಅಜ್ಜಿಯನ್ನೂ ಮಣ್ಣು ಮಾಡಿದ ಹೊಲದ ಬದು ಅಲ್ಲಿದೆ. ಅಲ್ಲಿಗೆ ಹೋದರೆ ಜಯಿಯನ್ನು ಬಿಟ್ಟಂತೆ, ಇಲ್ಲೇ ಉಳಿದರೆ ಅವರಿಬ್ಬರನ್ನು ಬಿಟ್ಟಂತೆ.

ಮಧ್ಯಾಹ್ನ ಊಟವಾದ ಮೇಲೆ ಕೋಣೆಯಲ್ಲಿ ಕೂತು ಅವ್ವನ ಕಣ್ಣನ್ನು ನೆನೆದೆ. ಅಗಲವಾದ, ನೇರವಾದ ಕಣ್ಣು ಬಂದವು. ಎದ್ದು ಮುಖ ತೊಳೆದು ಮತ್ತೆ ನೆನೆದೆ. ವಾರೆ ಇತ್ತು ಎಂಬುದು ಗೊತ್ತಿದೆ, ಎಡಗಣ್ಣು ಎಂಬುದೂ ಗೊತ್ತಿದೆ. ಕಣ್ಣು ಮಾತ್ರ ಬರಲಿಲ್ಲ.

ಸಂಜೆ ಐದಕ್ಕೆ ನನ್ನ ಪ್ರಿಂಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಊರಿಂದ ತಂದ ಟ್ರಂಕಿನ ತಳದಲ್ಲಿಟ್ಟೆ. ಆರಕ್ಕೆ ಜಯಿ ಚೌಕಟ್ಟು, ಮೊಳೆ, ಸುತ್ತಿಗೆ ತಂದುಕೊಟ್ಟಳು. ಅವ್ವನ ಫೋಟೋಕ್ಕೆ ಹಾರ ಹಾಕಬೇಡ, ಕುಂಕುಮವನ್ನೂ ಇಡಬೇಡ ಎಂದಳು. ಆಗಲಿ ಎಂದೆ. ನಡುಮನೆಯ ಗೋಡೆಗೆ ಮೊಳೆ ಹೊಡೆದು ಫೋಟೋ ತೂಗುಹಾಕಿ, ಸೊಟ್ಟಗಿದೆಯೇನೋ ಎಂದು ಹಿಂದೆ ಸರಿದು ನೋಡಿದೆ. ಸೊಟ್ಟಗಿರಲಿಲ್ಲ. ಗೋಡೆಯ ಮೇಲಿನ ಹೆಂಗಸು ಎರಡೂ ಕಣ್ಣಿನಿಂದ ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಸುತ್ತಿಗೆಯನ್ನು ಅದರ ಜಾಗದಲ್ಲಿಟ್ಟೆ.