ಚಿಕ್ಕಪ್ಪನ ಬ್ರೇಕಿಗೆ ಸೇರಿದ ಗಾಳಿ

ನಮ್ಮ ಚಿಕ್ಕಪ್ಪನಿಗೆ ಬಸ್ ಡಿಪೋದಲ್ಲಿ ‘ಸ್ಪಾನರ್ ಸಾಹೇಬರು’ ಎಂದೇ ಹೆಸರು. ಮೂವತ್ತೆರಡು ವರ್ಷ ಬ್ರೇಕ್ ವಿಭಾಗದಲ್ಲೇ ದುಡಿದು ನಿವೃತ್ತರಾದರು. ಅವರ ಕೈ ದಾಟಿಹೋದ ಒಂದು ಬಸ್ಸೂ ದೂರು ಹೊತ್ತು ವಾಪಸು ಬಂದದ್ದಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ, ವಾರಕ್ಕೆ ಮೂರು ಸಲವಾದರೂ. ಮನೆಯೊಳಗೆ ಕೂತು ರಸ್ತೆಯಲ್ಲಿ ಬಂದು ನಿಲ್ಲುವ ಬಸ್ಸಿನ ಸದ್ದು ಕೇಳಿಯೇ ‘ಹಿಂದಿನ ಎಡಗಡೆ ಬ್ರೇಕ್ ಲೈನರ್ ಸವೆದಿದೆ’ ಎಂದು ತೀರ್ಪು ಕೊಡುವ ಮನುಷ್ಯ. ಅದೇ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಕಕ್ಕಾಬಿಕ್ಕಿ.

ಇಂಥವರಿಗೆ ಚಿಕ್ಕಮ್ಮ ಒಂದು ದಿನ ಕಾರು ನಿಲ್ಲಿಸಿ ಇಳಿಯುತ್ತಲೇ, “ರೀ, ಬ್ರೇಕ್ ಒತ್ತಿ ಹಿಡಿದ್ರೆ ಪೆಡಲ್ ಮೆಲ್ಲಗೆ ಕೆಳಗಿಳೀತಾ ಇದೆ” ಎಂದರು.

ಬಸ್ಸಿನ ಬ್ರೇಕ್ ನಡೆಯುವುದು ಗಾಳಿಯಿಂದ. ಕೆಟ್ಟರೆ ಬುಸ್ಸೆಂದು ಸದ್ದು ಮಾಡಿ ತಾನೇ ಹೇಳುತ್ತದೆ. ಕಾರಿನದು ಎಣ್ಣೆಯಿಂದ. ಚಿಕ್ಕಪ್ಪ ಅಭ್ಯಾಸಬಲದಿಂದ ಕಿವಿಯಿಟ್ಟು ಆಲಿಸಿದರು, ಸದ್ದಿಲ್ಲ. ಬಗ್ಗಿ ನೋಡಿದರು, ಒಂದು ಹನಿ ಎಣ್ಣೆಯೂ ಸೋರಿಲ್ಲ. ಎದ್ದು ಕೈ ಒರೆಸಿಕೊಳ್ಳುತ್ತ, “ಪೆಡಲ್ ನೆಟ್ಟಗಿದೆ. ನೆಟ್ಟಗಿಲ್ಲದ್ದು ನಿನ್ನ ಕಾಲು” ಎಂದುಬಿಟ್ಟರು. ಅದೂ ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತ ನಿಂತಿರುವಾಗ! ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ಕಾರು ಓಡಿಸಿದ ಹೆಂಗಸಿಗೆ ಆಡುವ ಮಾತೇ ಅದು? ಚಿಕ್ಕಮ್ಮ ಅಂದಿನಿಂದ ಮಾತು ಬಿಟ್ಟರು. ತಾನೇನು ಕಮ್ಮಿ ಎಂದು ಚಿಕ್ಕಪ್ಪನೂ ಬಿಟ್ಟರು.

ತಂಗಿಯ ಬಾಣಂತನಕ್ಕೆ ನೆರವಾಗಲೆಂದು ಬಂದಿದ್ದ ನಾನು ಹನ್ನೊಂದು ದಿನ ಈ ಮನೆಯ ಅಂಚೆ ಕಚೇರಿಯಾದೆ. “ಪುಟ್ಟಿ, ಟೀ ಆರಿಹೋಗ್ತಿದೆ ಅಂತ ಹೇಳು.” “ಪುಟ್ಟಿ, ಸಕ್ಕರೆ ಕಮ್ಮಿ ಅಂತ ಹೇಳು.” ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತಿರುತ್ತಿದ್ದರು. ಮೂವತ್ತಾರು ವರ್ಷದ ಪುಟ್ಟಿ ನಾನು ಮಧ್ಯೆ.

ತಂಗಿ ಎಂದರೆ ಇವರ ಒಬ್ಬಳೇ ಮಗಳು. ಹೆಣ್ಣು ಮಗು ಹುಟ್ಟಿತು. ಅಜ್ಜ ಬೆಳಿಗ್ಗೆ ಹೋಗಿ ನೋಡಿ ಬರುವುದು, ಅಜ್ಜಿ ಸಂಜೆ ಹೋಗಿ ನೋಡಿ ಬರುವುದು. ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಆಸ್ಪತ್ರೆಯಿಂದ ಬಿಡುವ ದಿನ ಬೆಳಿಗ್ಗೆ ನನಗೆ ಫೋನ್ ಮಾಡಿ, ಸ್ಪೀಕರ್ ಹಾಕು ಎಂದಳು.

“ಇಬ್ರೂ ಒಂದೇ ಕಾರಲ್ಲಿ ಮಾತಾಡ್ಕೊಂಡು ಬಂದ್ರೆ ನಾನೂ ಮಗೂನೂ ಅಲ್ಲಿಗೆ ಬರ್ತೀವಿ. ಇಲ್ಲಾಂದ್ರೆ ನೇರ ಗಂಡನ ಮನೆಗೆ. ನಾಲ್ಕು ಗಂಟೆಗೆ ಬಿಡ್ತಾರೆ.”

ಫೋನ್ ಇಟ್ಟಳು. ಇಬ್ಬರ ಮುಖವೂ ಇಳಿದುಹೋಯಿತು. ನಡುಮನೆಯಲ್ಲಿ ತೊಟ್ಟಿಲು ತೂಗುಹಾಕಿ ವಾರವಾಗಿತ್ತು. ಚಿಕ್ಕಮ್ಮ ಹಳೆ ಹತ್ತಿ ಸೀರೆ ಹರಿದು ಡಜನ್ ಮೆತ್ತನೆ ಬಟ್ಟೆ ಹೊಲಿದಿಟ್ಟಿದ್ದರು. ಚಿಕ್ಕಪ್ಪ ತೊಟ್ಟಿಲಿನ ಕೊಕ್ಕೆಗೆ ಐದು ಸಲ ಎಣ್ಣೆ ಬಿಟ್ಟಿದ್ದರು, ಅದು ಒಂದು ಸಲವೂ ಕಿರುಗುಟ್ಟಿರಲಿಲ್ಲ.

ಈಗ ನಿಜ ಹೊರಬಿತ್ತು. ಎರಡು ದಿನದ ಹಿಂದೆ ಚಿಕ್ಕಪ್ಪನ ಕಾಲಡಿಯೇ ಪೆಡಲ್ ಕುಸಿದು, ಕಾರು ಹೋಗಿ ಗೇಟಿನ ಕಂಬಕ್ಕೆ ಮುತ್ತಿಟ್ಟಿತ್ತಂತೆ. ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸವೆದು, ಒತ್ತಿದ ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿತ್ತು. ಹೊರಗೆ ಸೋರುವುದಾದರೂ ಹೇಗೆ? ಅವರು ಹೊಸ ಸಿಲಿಂಡರ್ ತಂದು ಹಳೆ ಪೇಪರ್ ಕಟ್ಟಿನೊಳಗೆ ಬಚ್ಚಿಟ್ಟಿದ್ದರು. ಇದನ್ನೆಲ್ಲ ನನ್ನ ಕಿವಿಯಲ್ಲಿ ಪಿಸುಗುಟ್ಟಿ, “ನಿಮ್ಮ ಚಿಕ್ಕಮ್ಮನಿಗೆ ಹೇಳಬೇಡ” ಎಂದು ಸೇರಿಸಿದರು.

ಮಧ್ಯಾಹ್ನದೊಳಗೆ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರು. ಬ್ರೇಕ್ ಎಣ್ಣೆ ಬಿದ್ದರೆ ಕಾರಿನ ಬಣ್ಣ ಸುಲಿದುಬಿಡುತ್ತದೆಂದು ಸುತ್ತ ಒದ್ದೆ ಬಟ್ಟೆ ಹಾಸಿದ್ದರು. ಅಲ್ಲಿಯವರೆಗೆ ಒಬ್ಬರ ಕೆಲಸ. ಆಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಸಡಿಲಿಸಿ ಗುಳ್ಳೆಗಳನ್ನು ಬಾಟಲಿಗೆ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿದ ಮೇಲೆಯೇ ಕಾಲೆತ್ತಬೇಕು. ಮೊದಲೇ ಎತ್ತಿದರೆ ಹೋದ ಗಾಳಿ ವಾಪಸು ಬಂದು ಕೂರುತ್ತದೆ. ಮೊನ್ನೆ ಮೆಟ್ಟಿಲಿಳಿಯುವಾಗ ಉಳುಕಿದ ನನ್ನ ಕಾಲಿಗೆ ಪಟ್ಟಿ ಕಟ್ಟಿತ್ತು. ಉಳಿದವರು ಯಾರು?

ಚಿಕ್ಕಮ್ಮ ಬಂದು ಸೀಟಿನಲ್ಲಿ ಗತ್ತಾಗಿ ಕೂತರು. “ನೆಟ್ಟಗಿಲ್ಲದ ಕಾಲು ಬಂದಿದೆ ಅಂತ ಹೇಳು.”

“ಒತ್ತೋಕೆ ಹೇಳು” ಎಂದರು ಹಿಂದಿನ ಚಕ್ರದ ಬಳಿಯಿಂದ ಚಿಕ್ಕಪ್ಪ.

“ಒತ್ತಬೇಕಂತೆ” ಎಂದೆ.

“ಒತ್ತಿದೀನಿ ಅಂತ ಹೇಳು” ಎಂದರು ಚಿಕ್ಕಮ್ಮ.

“ಬಿಡೋಕೆ ಹೇಳು.”

ಚಿಕ್ಕಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಆದರೆ ನನ್ನ ಬಾಯಿಂದ ಬರುವವರೆಗೆ ಕಾಲು ಅಲುಗಿಸುತ್ತಿರಲಿಲ್ಲ. ನಾನು ‘ಬಿಡಬೇಕಂತೆ’ ಅನ್ನುವಷ್ಟರಲ್ಲಿ ಚಿಕ್ಕಪ್ಪ ಮುಂದಿನ ಸುತ್ತಿಗೆ ತಿರುಪು ಸಡಿಲಿಸಿರುತ್ತಿದ್ದರು. ಅತ್ತ ತಿರುಪು ತೆರೆಯುವುದಕ್ಕೂ ಇತ್ತ ಕಾಲು ಮೇಲೇಳುವುದಕ್ಕೂ ಸರಿಹೋಗಿ ಗಾಳಿ ಒಳಗೆ. ಒಂದೂವರೆ ಗಂಟೆ ನಾನು ಕುಂಟಿಕೊಂಡು ವರದಿ ಒಪ್ಪಿಸಿದೆ, ಪೆಡಲ್ ಮಾತ್ರ ಸ್ಪಂಜಿನ ಹಾಗೆ ಮೆತ್ತಗೇ ಇತ್ತು. ಎರಡೂಮುಕ್ಕಾಲು. ಎಣ್ಣೆ ಉಳಿದದ್ದು ಒಂದೇ ಬಾಟಲಿ. ನನಗೋ ತಡೆಯಲಾರದ ನಗು. ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ ಮಾತೇ ನಿಂತುಹೋಯಿತು.

“ಹಿಡ್ಕೊಳ್ಳೋಕೆ ಹೇಳು!”

“ಹಿಕ್.”

“ಪುಟ್ಟೀ, ಹೇಳೇ!”

“ಹಿಕ್.”

ಬಾಟಲಿಗೆ ಗುಳ್ಳೆಗಳು ಬುಳುಬುಳು ಬರುತ್ತಿದ್ದವು. “ಬಿಡಬೇಡ ಕಣೇ!” ಎಂದು ಚಿಕ್ಕಪ್ಪ ನೇರವಾಗಿ ಹೆಂಡತಿಗೇ ಕೂಗಿದರು.

“ಬಿಟ್ಟಿಲ್ಲಾರೀ!”

ನಾನು ಬಿಕ್ಕಳಿಸುತ್ತಲೇ ಎರಡು ಹೆಜ್ಜೆ ಹಿಂದೆ ಸರಿದೆ.

“ಬಿಗಿದೆ. ಈಗ ಬಿಡು.”

“ಬಿಟ್ಟೆ.”

“ಒತ್ತು.”

“ಒತ್ತಿದೆ, ಬೇಗ ಆಗ್ಲಿ, ಮಗು ಕಾಯ್ತಿರುತ್ತೆ.”

ಆಮೇಲೆ ನಾಲ್ಕು ಚಕ್ರ ಮುಗಿಯಲು ಅರ್ಧ ಗಂಟೆ ಸಾಕಾಯಿತು. ಪೆಡಲ್ ಕಲ್ಲಿನಂತೆ ನಿಂತಿತು. ಚಿಕ್ಕಮ್ಮ ಅದರ ಮೇಲಿಟ್ಟ ಕಾಲು ತೆಗೆಯದೆ ಕೇಳಿದರು, “ಈಗ ನನ್ನ ಕಾಲು ನೆಟ್ಟಗಾಯ್ತಾ?”

ಚಿಕ್ಕಪ್ಪ ಚಕ್ರದ ಹಿಂದೆ ಕೂತು ಸ್ಪಾನರ್ ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ, “ಕಾಲು ಯಾವತ್ತೂ ನೆಟ್ಟಗೇ ಇತ್ತು. ಕೆಟ್ಟಿದ್ದು ಸಿಲಿಂಡರು. ಎರಡು ದಿನದ ಹಿಂದೇನೇ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ.”

“ಸ್ವಲ್ಪ ಜೋರಾಗಿ. ಪಕ್ಕದ ಮನೆಯವ್ರಿಗೂ ಕೇಳ್ಲಿ.”

ತಮಾಷೆಗೆ ಅಂದದ್ದು. ಚಿಕ್ಕಪ್ಪ ನಿಜವಾಗಿಯೂ ಕಾಂಪೌಂಡಿಗೆ ಹೋಗಿ ಪಕ್ಕದ ಮನೆಯವರನ್ನು ಕರೆದು ಹೇಳಿ ಬಂದರು. ಬೀದಿಯಲ್ಲಿ ಎರಡು ಸುತ್ತು ಹೊಡೆದು ಬ್ರೇಕ್ ಹಾಕಿ ಹಾಕಿ ನೋಡಿ, ಚಿಕ್ಕಮ್ಮನ ಕೈಗೆ ಸ್ಟಿಯರಿಂಗ್ ಕೊಟ್ಟರು. ಮೂವತ್ತೆರಡು ವರ್ಷ ತಪ್ಪೇ ಒಪ್ಪದ ಬಾಯಿಗೆ ಅದೇನು ರುಚಿ ಹತ್ತಿತೋ, ನಿಲ್ಲಿಸಲು ಆಗಲೇ ಇಲ್ಲ. ದಾರಿಯುದ್ದಕ್ಕೂ ನಮಗೆ ಹೇಳಿದರು. ಆಸ್ಪತ್ರೆಯ ಕಾವಲುಗಾರನಿಗೆ, ಲಿಫ್ಟಿನಲ್ಲಿದ್ದ ಅಪರಿಚಿತರಿಗೆ, ಔಷಧಿ ಪಟ್ಟಿ ಹಿಡಿದು ಬಂದ ನರ್ಸಿಗೆ, “ನಮ್ಮನೆಯವಳು ಮೊದಲೇ ಹೇಳಿದ್ಲು, ನಾನೇ ಕೇಳ್ಲಿಲ್ಲ ನೋಡಿ” ಎಂದರು. ನರ್ಸು ನನ್ನ ಕಡೆ ತಿರುಗಿ, ಇವರಿಗೆ ಆರೋಗ್ಯ ಸರಿಯಿದೆ ತಾನೆ ಎಂದು ಕೇಳಿದರು.

ತಂಗಿ ಮಂಚದ ತುದಿಯಲ್ಲಿ ತಯಾರಾಗಿ ಕೂತಿದ್ದಳು. “ಮಾತಾಡ್ಕೊಂಡು ಬಂದ್ರಾ?”

“ಅಯ್ಯೋ, ಕಿವಿ ತೂತು ಬಿತ್ತು ಕಣೆ” ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಮೂರು ಸಲ ಕೈ ತೊಳೆದು ಬಂದು ಮಗುವನ್ನೆತ್ತಿಕೊಂಡರು. “ಕಂದಾ, ನಿಮ್ಮಜ್ಜಿ ಹೇಳಿದ್ದೇ ಸರಿ. ನಾನು...” ಎನ್ನುವಷ್ಟರಲ್ಲಿ ಕಣ್ಣಿಂದ ನೀರು ಧಾರಾಕಾರ. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಅಳು ಬಂತು, ನಗುವೂ ಬಂತು.

“ಸಾಕು ರೀ, ಇನ್ನಾದ್ರೂ ಬಾಯಿ ಮುಚ್ಚಿ. ಮಗು ಮಲಗಿದೆ” ಎಂದು ಚಿಕ್ಕಮ್ಮ ಸೆರಗಿನಿಂದ ಅವರ ಕೆನ್ನೆ ಒರೆಸಿದರು. ತಂಗಿ ಚೀಲ ಎತ್ತಿ ನನ್ನ ಹೆಗಲಿಗೆ ಹಾಕಿದಳು.

“ನಡೀರಿ ಅಪ್ಪ, ಮನೆಗೆ ಹೋಗೋಣ.”