ಅತ್ತೆಯ ಟಿವಿಯಿಂದ ಬಿಚ್ಚಿದ್ದು

ಇಚಲಕರಂಜಿಯ ಹಳೆ ಟಿವಿಗಳ ಹಿಂಬದಿ ಬಿಚ್ಚಿದರೆ ಮೊದಲು ಕಾಣುವುದು ಹತ್ತಿ. ಊರ ತುಂಬ ಇರುವ ಮಗ್ಗಗಳಿಂದ ಹಾರಿ ಬಂದ ಎಳೆ ವರ್ಷಗಟ್ಟಲೆ ಒಳಗೆ ಕೂತು, ಎಲ್ಲದರ ಮೇಲೂ ಬೂದು ಕಂಬಳಿಯಂತೆ ಹರಡಿರುತ್ತದೆ. ಅದನ್ನು ಕುಂಚದಿಂದ ಗುಡಿಸಿ ತೆಗೆದ ಮೇಲೆ ನನ್ನ ಕೆಲಸ. ದಪ್ಪ ಡಬ್ಬಿಯ ಟಿವಿ ಈಗ ಯಾರಿಗೂ ಬೇಡ. ಗುಜರಿ ಅಂಗಡಿಯವರು ತಾಮ್ರದ ಸುರುಳಿ ಬಿಚ್ಚಿಕೊಂಡು ಬೋರ್ಡನ್ನು ಮೂಲೆಗೆ ಒಗೆಯುತ್ತಾರೆ. ನನಗೆ ಬೇಕಾದದ್ದು ಆ ಬೋರ್ಡು.

ಕೊಲ್ಹಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ಹತ್ತಿದ ಹವ್ಯಾಸ ಇದು. ಸಣ್ಣ ರೇಡಿಯೊ, ಚಾರ್ಜರ್, ನೀರಿನ ಟಾಕಿ ತುಂಬಿದರೆ ಕೂಗುವ ಗಂಟೆ ಇಂಥವನ್ನು ಕಟ್ಟಿ, ಹೆಚ್ಚು ಯಾರಿಗೂ ತೋರಿಸದೆ ಕಪಾಟಿನಲ್ಲಿ ಇಡುತ್ತಿದ್ದೆ. ಒಬ್ಬರಿಗೆ ಬೇಕೆಂದು ಕಟ್ಟಿದ್ದು ಒಂದೇ, ಅಪ್ಪನಿಗೆ.

ಅಪ್ಪ ಹದಿನೆಂಟನೆಯ ವಯಸ್ಸಿನಿಂದ ಪವರ್‌ಲೂಮ್ ನಡೆಸಿದವನು. ಕಿವಿ ಯಾವ ವರ್ಷ ಹೋಯಿತೆಂದು ನಮಗೆ ಗೊತ್ತಾಗಲೇ ಇಲ್ಲ. ಶೆಡ್ಡಿನಲ್ಲಿ ಮಗ್ಗ ನಡೆಯುವಾಗ ಕೂಗಿದರೂ ಕೇಳುವುದಿಲ್ಲ, ಎಲ್ಲರೂ ಎದುರಿನವರ ತುಟಿ ನೋಡಿಯೇ ಮಾತಾಡುತ್ತಾರೆ. ಅವ್ವನೂ ಅಲ್ಲಿ ಕಾಂಡಿಗಳಿಗೆ ನೂಲು ಸುತ್ತುತ್ತಿದ್ದವಳು. ಹಾಗಾಗಿ ಮನೆಯಲ್ಲೂ ಅದೇ ರೂಢಿ: ಯಾರೂ ಯಾರ ಬೆನ್ನಿಗೂ ಮಾತಾಡುವುದಿಲ್ಲ. ಭುಜ ಮುಟ್ಟಿ, ಎದುರಿಗೆ ಬಂದು, ಆಮೇಲೆ ಬಾಯಿ ತೆರೆಯುತ್ತೇವೆ. ಅಪ್ಪ ನಾಲ್ಕು ಮಗ್ಗದಾಚೆಯಿಂದ ಮರಾಠಿ ತುಟಿಯನ್ನೂ ಓದಬಲ್ಲ. ಓದಲಾಗದ್ದು ಫೋನು.

ಗಡಹಿಂಗ್ಲಜದಲ್ಲಿ ಅವನ ಅಕ್ಕ ಇದ್ದಾಳೆ, ನನ್ನ ಅತ್ತೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಬೆಳೆಸಿದವಳು. ವಾರದ ರಜೆಯ ದಿನ ಅವಳ ಫೋನು ಬರುವುದು, ಅಪ್ಪ ಅರ್ಧ ಗಂಟೆ ಮಾತಾಡುವುದು ನಾನು ಹುಟ್ಟುವ ಮುಂಚಿನ ಪದ್ಧತಿ. ಎರಡು ವರ್ಷದಿಂದ ಅವನು ಫೋನನ್ನು ಅವ್ವನ ಕೈಗೆ ಕೊಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದ. ವಿಡಿಯೊ ಕಾಲ್ ಮಾಡಿಸಿದೆ. ಪರದೆ ನೋಡಿ ಅಪ್ಪ ನಕ್ಕುಬಿಟ್ಟ.

"ಅಕ್ಕನ ಬಾಯಾಗ ಒಂದೂ ಹಲ್ಲಿಲ್ಲ. ಏನಂತ ಓದ್ಲಿ?"

ಕೊಲ್ಹಾಪುರದ ಡಾಕ್ಟರು ಕಿವಿಯ ನರವೇ ಸವೆದಿದೆ ಎಂದರು. ಮಶೀನು ಶಬ್ದ ದೊಡ್ಡದು ಮಾಡೀತು, ಮಾತನ್ನು ಬಿಡಿಸಿ ಕೊಡುವ ಖಾತ್ರಿ ಇಲ್ಲ ಎಂದರು. ಅವರು ಕೊಟ್ಟದ್ದನ್ನು ಅಪ್ಪ ನಾಲ್ಕು ದಿನ ಹಾಕಿಕೊಂಡು, ಶೆಡ್ಡೇ ಕಿವಿಯೊಳಗೆ ಬಂದು ಕೂತಂತಾಗುತ್ತದೆಂದು ತೆಗೆದಿಟ್ಟ. ಡಾಕ್ಟರು ಕೊಟ್ಟ ಕಿವಿ ಪರೀಕ್ಷೆಯ ನಕ್ಷೆಯನ್ನು ನಾನು ಬೇರೆ ರೀತಿಯಲ್ಲಿ ಓದಿದೆ. ಕೆಳಗಿನ ದನಿಗಳು ಉಳಿದಿದ್ದವು. ಸ, ಚ, ಶ ಇರುವ ಮೇಲಿನ ಭಾಗ ಕುಸಿದಿತ್ತು. ಅಷ್ಟನ್ನೇ ಎತ್ತಿಕೊಟ್ಟರೆ ಸಾಕೆಂದುಕೊಂಡೆ. ನನಗೆ ಅದೊಂದು ಸರ್ಕ್ಯೂಟಿನ ಲೆಕ್ಕವಾಗಿತ್ತು.

ಗುಜರಿಯಿಂದ ತಂದ ಮೊದಲೆರಡು ಟಿವಿಗಳ ಧ್ವನಿಯ ಭಾಗ ಸುಟ್ಟಿತ್ತು. ವಿಷಯ ತಿಳಿದ ಅತ್ತೆ ತನ್ನ ಮನೆಯ ಸಣ್ಣ ಟಿವಿಯನ್ನೇ ಕೊಡುತ್ತೇನೆಂದಳು. ಹೋದೆ. ಕಣ್ಣಿನ ಪೊರೆಯಿಂದಾಗಿ ಅವಳು ನನ್ನನ್ನು ದನಿಯಿಂದ ಗುರುತಿಸಿದಳು.

"ತಗೊಂಡ ಹೋಗ ಯವ್ವಾ. ಚಿತ್ರ ಹೋಗೇತಿ, ದನಿ ಗಟ್ಟಿ ಐತಿ. ನನ್ನಂಗ."

ಅದನ್ನು ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಚಿತ್ರದ ಕೊಳವೆಯಲ್ಲಿ ಉಳಿದ ವಿದ್ಯುತ್ತನ್ನು ತಂತಿ ಕಟ್ಟಿದ ಸ್ಕ್ರೂಡ್ರೈವರಿನಿಂದ ಇಳಿಸಿ, ಧ್ವನಿಯ ಐಸಿಯನ್ನು ಒಂದೊಂದೇ ಕಾಲಿನ ಸೀಸ ಕರಗಿಸಿ ಎತ್ತಿದೆ. ಕೆಪಾಸಿಟರುಗಳು, ದನಿ ಏರಿಸುವ ಗುಂಡಿ, ಹೆಡ್‌ಫೋನು ಸಿಕ್ಕಿಸುವ ತೂತು ಎಲ್ಲ ಅದರದೇ. ಮೈಕು ಮಾತ್ರ ಹೊಸದು. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಕೂರಿಸಿದೆ. ಫೋನನ್ನು ಸ್ಪೀಕರಿಗೆ ಹಾಕಿ ಮೈಕಿನ ಪಕ್ಕ ಇಡಬೇಕು, ಅಪ್ಪ ಹೆಡ್‌ಫೋನು ಹಾಕಿಕೊಳ್ಳಬೇಕು.

ಪರೀಕ್ಷೆಗೆ ಅಪ್ಪನನ್ನು ಎದುರಿಗೆ ಕೂರಿಸಿಕೊಂಡೆ. ಮೈಕು ಎದೆಯ ಹತ್ತಿರ ಹಿಡಿದು ಮೆಲ್ಲಗೆ ಸಕ್ಕರೆ, ಚಪಾತಿ, ಶೇಂಗಾ ಎಂದೆ. ಮೂರನ್ನೂ ತಿರುಗಿ ಹೇಳಿದ. ಇನ್ನೂ ಹತ್ತು ಪದ ಕೊಟ್ಟೆ. ಒಂದೂ ತಪ್ಪಲಿಲ್ಲ. ಅವ್ವ ಬಂದು ಪಕ್ಕದಲ್ಲಿ ಕೂತಳು.

"ನಾ ಬೈದದ್ದೂ ಕೇಳತೈತೇನ್ರಿ?"

"ಅದು ಮಶೀನಿಲ್ಲದನೂ ಕೇಳತಿತ್ತು" ಎಂದ ಅಪ್ಪ.

ಆ ವಾರ ಅಕ್ಕ ತಮ್ಮ ಮಾತಾಡಿದರು. ಅತ್ತೆಯ ಪ್ರಶ್ನೆಗಳು ಯಾವಾಗಲೂ ಅವೇ, ಅದೇ ಸಾಲಿನಲ್ಲಿ: ಊಟ ಆಯಿತಾ, ಮೊಣಕಾಲು ಹೇಗಿದೆ, ಮಳೆ ಹೇಗಿದೆ, ಯಾವಾಗ ಬರುತ್ತೀ. ಅಪ್ಪ ಎಲ್ಲಕ್ಕೂ ಸರಿಯಾಗಿ ಉತ್ತರಿಸಿದ. ಮುಗಿದ ಮೇಲೆ ಹೆಡ್‌ಫೋನನ್ನು ಪಂಚೆಯಿಂದ ಒರೆಸಿ ಡಬ್ಬಿಯಲ್ಲಿಟ್ಟ. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಏಳನೆಯ ವಾರ ಅತ್ತೆ ಮೊಣಕಾಲಿನ ನಂತರ ಮಳೆಯನ್ನು ಕೇಳಲಿಲ್ಲ.

"ತಮ್ಮಾ, ಮೊನ್ನೆ ಬಚ್ಚಲದಾಗ ಜಾರಿ ಬಿದ್ನೋ. ಎದ್ದ ಕೂಡಾಕ ಆಗವಲ್ದು."

"ಛಲೋ ಆತ ಬಿಡಕ್ಕಾ" ಎಂದ ಅಪ್ಪ. "ಇಲ್ಲೂ ಮಳಿ ಹಂಗ ಐತಿ."

ಅಕ್ಕಿ ಆರಿಸುತ್ತಿದ್ದ ಅವ್ವನ ಕೈ ನಿಂತಿತು. ಆಮೇಲೆ ಅತ್ತೆ ಯಾವಾಗ ಬರುತ್ತೀ ಎಂದು ಕೇಳಿದಳು. ಮುಂದಿನ ತಿಂಗಳು ಎಂದ ಅಪ್ಪ, ನಗುತ್ತಾ.

ಮರುದಿನ ಅವನಿಗೆ ಹೆಡ್‌ಫೋನು ಹಾಕಿ, ಮೊದಲ ಬಾರಿಗೆ ಬೆನ್ನ ಹಿಂದೆ ನಿಂತೆ. ಸಕ್ಕರೆ ಎಂದೆ. ಅವನು ಕೈ ಎತ್ತಿ, ಕೇಳುತ್ತಿದೆ, ಭಾಳ ಸ್ವಚ್ಛ ಎಂದ. ಚಪಾತಿ ಎಂದೆ, ಶೇಂಗಾ ಎಂದೆ. ಹೌದು, ಹೌದು ಎಂದ. ಶಬ್ದ ಅವನನ್ನು ಮುಟ್ಟುತ್ತಿತ್ತು, ಪದ ಮುಟ್ಟುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಅಷ್ಟೇ. ಪ್ರಯೋಗಾಲಯದಲ್ಲಿ ಐದು ವರ್ಷ ಕಳೆದ ನಾನು ನನ್ನ ತುಟಿಯನ್ನು ಮುಚ್ಚಿಕೊಳ್ಳದೆ ಪರೀಕ್ಷೆ ಮಾಡಿದ್ದೆ. ನಮ್ಮ ಮನೆಯಲ್ಲಿ ಬೆಳೆದವರಿಗೆ ಅದು ಹೊಳೆಯುವುದಿಲ್ಲ.

ಅತ್ತೆಗೆ ಫೋನು ಮಾಡಿದೆ. ಮೂಳೆ ಮುರಿದಿಲ್ಲ, ಮಗ ಸೊಸೆ ನೋಡಿಕೊಳ್ಳುತ್ತಿದ್ದಾರೆ ಎಂದಳು. ಡಬ್ಬಿಯಿಂದ ಮಾತು ತಿಳಿಯುತ್ತಿಲ್ಲವೆಂದು ಅಪ್ಪನಿಗೆ ಹೇಳಲಾ ಎಂದೆ.

"ಹೇಳಬ್ಯಾಡ. ನನಗ ಮೊದಲನೇ ವಾರನ ತಿಳಿದೈತಿ. ಕೇಳತೈತಿ ಅಂದ್ಕೊಂಡ ಕುಂತಾನ, ಕುಂಡರ್ಲಿ. ನಾ ಕೇಳೂದ ಅವಂಗ ಬಾಯಿಪಾಠ ಐತಿ. ಸಾಲು ತಪ್ಪಿದ್ದು ನಂದ ತಪ್ಪು."

ನಾನು ಮತ್ತೆ ಮೂರು ಟಿವಿ ಬಿಚ್ಚಿದೆ. ಕೆಪಾಸಿಟರ್ ಬದಲಿಸಿದೆ, ಮೇಲಿನ ದನಿಯನ್ನು ಇನ್ನೂ ಎತ್ತಿದೆ. ಅಳೆದಾಗ ಡಬ್ಬಿ ಎಲ್ಲ ಸರಿ ತೋರಿಸುತ್ತದೆ. ಕೆಟ್ಟದ್ದು ಬೋರ್ಡಿನಲ್ಲಿದ್ದರೆ ಕಿತ್ತು ಬೇರೆ ಹಾಕುತ್ತಿದ್ದೆ.

ಕಳೆದ ವಾರದ ರಜೆಗೆ ಒಂದು ಉಪಾಯ ಮಾಡಿದೆ. ಅತ್ತೆ ಆಡಿದ್ದನ್ನು ದನಿಯಿಲ್ಲದೆ ತುಟಿಯಲ್ಲಿ ಹೇಳೋಣವೆಂದು ಅಪ್ಪನ ಎದುರಿಗೆ ಬಂದು ಕೂತೆ. ಅವನು ಹೆಡ್‌ಫೋನು ಹಾಕಿಕೊಂಡು ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ನಾನು ದನಿಯ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಆ ಕಡೆ ಅತ್ತೆ ಕೆಮ್ಮುತ್ತಿದ್ದಳು. ಇನ್ನೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ಹೌದಕ್ಕಾ, ಊಟ ಆತು" ಎಂದ ಅಪ್ಪ.

ಅತ್ತೆ ಕೆಮ್ಮನ್ನು ತಡೆದುಕೊಂಡು, ಅವಸರದಲ್ಲಿ, ಮೊಣಕಾಲಿನ ಪ್ರಶ್ನೆಗೆ ಬಂದಳು.